ಇಲ್ಲೇ ಅನ್ನುವ ಊರು

ಹೊಳೆನರಸೀಪುರದ ಪಾಲಾಕ್ಷ ಮೈಸೂರಿನಲ್ಲಿ ಗಣಿತ ಓದಿ, ಬಿ.ಎ. ಪಾಸು ಮಾಡಿಕೊಂಡು ಬಂದದ್ದು ಮೂವತ್ತೆಂಟನೇ ಇಸವಿಯಲ್ಲಿ. ಆ ಓದಿನಿಂದ ಊರಿಗಾದ ಉಪಯೋಗ ಇಷ್ಟೇ: ಯಾರಾದರೂ ಜಗಲಿಯ ಮೇಲೆ ಪಗಡೆ ಹಾಸಿ ಕೂತರೆ ಅವನು ಪಕ್ಕದಲ್ಲಿ ನಿಂತು, ಬೇಕಾದ ಗರ ಬೀಳುವ ಸಂಭವ ಎಷ್ಟರಲ್ಲಿ ಎಷ್ಟು ಎಂದು ಹೇಳಿ ಆಟದ ರುಚಿ ಕೆಡಿಸುತ್ತಿದ್ದ. ಎರಡು ತಿಂಗಳಲ್ಲಿ ಅವನು ಬರುವುದು ಕಂಡರೆ ಸಾಕು, ಜನ ಪಗಡೆ ಮಡಿಸಿಡುವ ಹಾಗಾಯಿತು.

ಅಂಥವನಿಗೂ ಕೆಲಸ ಕೊಡುವವರೊಬ್ಬರು ಸಿಕ್ಕಿದರು. ಹಾಸನದ ಮಂಡಿ ಗುಂಡಯ್ಯನವರು ಮೂವತ್ತು ವರ್ಷ ರಾಗಿ, ಮೆಣಸಿನಕಾಯಿ ವ್ಯಾಪಾರದಲ್ಲಿ ಪಳಗಿದ ಮನುಷ್ಯ. ಅರವತ್ತರ ಹತ್ತಿರ ಬಂದಾಗ ಅದೇನು ಹುಚ್ಚು ಹಿಡಿಯಿತೋ, ಇಪ್ಪತ್ನಾಲ್ಕು ಸೀಟಿನ ಒಂದು ಬಸ್ಸು ಕೊಂಡುಬಿಟ್ಟರು. ಕೊಂಡಾದ ಮೇಲೆ ಅದನ್ನು ಯಾವ ದಾರಿಗೆ ಬಿಡುವುದು ಎಂಬ ಯೋಚನೆ ಹತ್ತಿತು. ಅರಕಲಗೂಡಿಗೆ ಬಿಡಿ ಎಂದು ಹೇಳುವವರೇ ಎಲ್ಲ. ಅಲ್ಲಿಗೆ ಆಗಲೇ ಎರಡು ಬಸ್ಸು ಓಡುತ್ತಿದ್ದವು, ಎರಡೂ ತುಂಬಿರುತ್ತಿದ್ದವು. ಅವರ ಲೆಕ್ಕ ಬರೆಯಲು ಸೇರಿದ್ದ ಪಾಲಾಕ್ಷ ಒಬ್ಬ ಮಾತ್ರ, ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಮೇಲೆ ಬಾಗೂರಿಗೆ ಬಿಡಿ ಎಂದ.

ಅವನು ಹಾಗೆ ಹೇಳಿದ್ದಕ್ಕೆ ಮನೆಯದೇ ಒಂದು ಕಾರಣವಿತ್ತು. ಅವನ ಅಕ್ಕ ನೀಲಾಂಬಿಕೆಯನ್ನು ಬಾಗೂರಿಗೆ ಕೊಟ್ಟಿತ್ತು. ಅವಳಿಗೆ ಎರಡನೆಯ ಮಗು ಹುಟ್ಟಿ ಎಂಟು ತಿಂಗಳಾದರೂ ತಾಯಿ ನೀಲಗಂಗಮ್ಮ ಮೊಮ್ಮಗಳ ಮುಖ ಕಂಡಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗಲು ಒಂದು ಹಗಲು ಸಾಲದು, ಬರಲು ಇನ್ನೊಂದು. ಆಕೆಯ ಮಂಡಿನೋವಿಗೆ ಗಾಡಿಯ ಕುಲುಕಾಟ ಆಗದು. ಅಕ್ಕನ ಮಾತು ಬಂದಾಗಲೆಲ್ಲ ಅವ್ವ ಮಂಡಿ ಸವರಿಕೊಳ್ಳುವುದನ್ನು ಪಾಲಾಕ್ಷ ದಿನವೂ ನೋಡುತ್ತಿದ್ದ. ಇದನ್ನೆಲ್ಲ ಅವನು ಮುಚ್ಚಿಡದೆ ಗುಂಡಯ್ಯನವರಿಗೆ ಹೇಳಿದ.

“ಅದಕ್ಕೇ ನಿನ್ ಮಾತು ನಾನು ನಂಬಾಕಿಲ್ಲ ಕಣಪ್ಪ. ನೀನು ನಿಮ್ಮವ್ವನ ಮಂಡಿ ನೋಡ್ಕಂಡು ಬಸ್ ಬುಡು ಅಂತೀಯ,” ಎಂದರು ಗುಂಡಯ್ಯ.

“ನನ್ನ ನಂಬಬೇಡಿ, ಸಾ. ಅಂಕಿ ನಂಬಿ. ರಸ್ತೇಲಿ ನಿಂತು, ಹೋಗೋರಲ್ಲಿ ಐದು ಜನಕ್ಕೆ ಒಬ್ಬರನ್ನ ಕೇಳ್ತೀನಿ.”

“ಐದರಾಗೆ ಒಬ್ಬನ್ನ ಕೇಳುದ್ರೆ ಮಿಕ್ಕ ನಾಲ್ಕು ಜನದ ಮನಸ್ಸು ನಿಂಗೆಂಗೆ ಗೊತ್ತಾಯ್ತದೆ?”

“ನೀವು ಒಂದು ಮೂಟೆ ರಾಗಿ ಕೊಳ್ಳುವಾಗ ಒಂದೊಂದು ಕಾಳೂ ನೋಡ್ತೀರಾ?”

ಗುಂಡಯ್ಯನವರಿಗೆ ನಗು ಬಂತು. “ಕೊಳವೆ ಚುಚ್ಚಿ ನಡು ಮೂಟೆಯಿಂದ ಒಂದಿಡಿ ತೆಗೀತೀನಿ. ಬಾಯಿ ತಾವ ಇರೋದ್ನ ನೋಡಾಕಿಲ್ಲ. ಅಲ್ಲಿ ಎಲ್ರೂ ಒಳ್ಳೇದೇ ಆಕಿರ್ತಾರೆ.”

“ನಂದೂ ಅದೇ ಕೆಲಸ. ಮೂಟೆ ಬದಲು ರಸ್ತೆ, ಅಷ್ಟೇ.”

ಈ ಮಾತು ಗುಂಡಯ್ಯನವರಿಗೆ ಹಿಡಿಸಿತು. ಆಗಲಿ, ಅಂಕಿ ಹೇಳಿದ ಹಾಗೆ ಮಾಡುತ್ತೇನೆ ಎಂದು ಒಪ್ಪಿಕೊಂಡರು.

ಪಾಲಾಕ್ಷ ತಿಂಗಳ ಮೂವತ್ತು ದಿನಗಳನ್ನು ಮೂವತ್ತು ಚೀಟಿಗಳಲ್ಲಿ ಬರೆದು, ತಪ್ಪಲೆಯಲ್ಲಿ ಹಾಕಿ, ಹತ್ತು ಎತ್ತಿಕೊಡು ಎಂದು ಅವ್ವನ ಮುಂದೆ ಹಿಡಿದ. ನೀನೇ ಆರಿಸಿಕೊಳ್ಳಬಾರದೇ ಎಂದು ಆಕೆ ಕೇಳಿದರೆ, “ನಾನು ಆರಿಸಿದರೆ ಬರೀ ಸಂತೆ ದಿನಗಳೇ ಬರ್ತವೆ, ಅವ್ವ. ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ,” ಎಂದ. ಚೀಟಿಯಲ್ಲಿ ಬಂದ ಹತ್ತು ದಿನವೂ ಬೆಳಗಿನಿಂದ ಊರಾಚೆ ಚನ್ನರಾಯಪಟ್ಟಣದ ರಸ್ತೆಯ ಅರಳಿಕಟ್ಟೆಯ ಬಳಿ ನೋಟುಬುಕ್ಕು ಹಿಡಿದು ನಿಂತ. ಊರಿನಿಂದ ಹೊರಟ ಪ್ರತಿ ಐದನೆಯವರನ್ನೂ ತಡೆದು, ಮೈಸೂರಿನಲ್ಲಿ ಓದಿದ ಇಂಗ್ಲಿಷ್ ಪುಸ್ತಕದ ಮಾದರಿಯಲ್ಲಿ ತಾನೇ ತಯಾರಿಸಿದ್ದ ಪ್ರಶ್ನೆ ಕೇಳಿದ: “ತಾವು ಎಲ್ಲಿಗೆ ಹೋಗುತ್ತಿದ್ದೀರಿ?”

ಜನ ಅವನನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲೇ,” ಎಂದರು. ಗಾಡಿ ತುಂಬ ತೆಂಗಿನಕಾಯಿ ಹೇರಿಕೊಂಡವನೂ ಇಲ್ಲೇ ಎಂದ. ಬುತ್ತಿಗಂಟು, ಚಾಪೆ, ಕೊಡೆ ಹಿಡಿದು ಹೊರಟ ಗಂಡಹೆಂಡಿರೂ ಇಲ್ಲೇ ಎಂದರು. ಕೆಲವರು ಮುಖ ಸಿಂಡರಿಸಿಕೊಂಡು ಮನೆಗೆ ವಾಪಸು ಹೋದರು. ಕೆಲವರು ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಗಳಿಗೆ ಬಿಟ್ಟು ಮತ್ತೆ ಎದ್ದು ಹೊರಟರು. ಪಾಲಾಕ್ಷ ಅವರನ್ನು ಹೊಸಬರೆಂದು ಇನ್ನೊಮ್ಮೆ ಎಣಿಸಿದ. ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿಯಂತೂ ಎರಡು ಸಲ ಐದನೆಯವಳಾಗಿ ಸಿಕ್ಕಿ, ಎರಡನೆಯ ಸಲ ಅವನ ವಂಶವನ್ನೆಲ್ಲ ನೆನೆದು ಹೋದಳು. ಅದನ್ನು ಯಾವ ಕಲಮಿಗೆ ಸೇರಿಸುವುದೋ ಅವನಿಗೆ ತಿಳಿಯಲಿಲ್ಲ.

ಹತ್ತು ದಿನ ಮುಗಿದ ಮೇಲೆ ಕೂಡಿ ನೋಡಿದರೆ, ಕೇಳಿದ ಇನ್ನೂರು ಜನರಲ್ಲಿ ಚನ್ನರಾಯಪಟ್ಟಣ, ಬಾಗೂರು ಎಂದವರು ಒಂಬತ್ತೇ ಜನ. ನೂರ ಅರವತ್ತು ಜನ ಇಲ್ಲೇ, ಮಿಕ್ಕವರು ಹತ್ತಿರದ ಹಳ್ಳಿಗಳ ಹೆಸರು ಹೇಳಿದವರು, ಇಲ್ಲವೇ ಬಾಯಿ ಬಿಡದವರು. ಒಂಬತ್ತನ್ನು ತೊಂಬತ್ತು ಮಾಡಲು ಒಂದು ಸೊನ್ನೆ ಸಾಕಿತ್ತು. ಆ ಯೋಚನೆ ಪಾಲಾಕ್ಷನಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೂ ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಂಡು ಹೋಗಿ ಹಾಸನದ ಮಂಡಿಯಲ್ಲಿ ಒಪ್ಪಿಸಿದ.

“ನಿನ್ ಲೆಕ್ಕದ ಪ್ರಕಾರ ನಾನು ಇಲ್ಲೇ ಅನ್ನೋ ಊರಿಗೆ ಬಸ್ ಬುಡ್ಬೇಕು,” ಎಂದರು ಗುಂಡಯ್ಯ. ಬರುವ ತಿಂಗಳಿಂದ ಬಸ್ಸು ಅರಕಲಗೂಡಿಗೆ ಎಂದೂ ಹೇಳಿದರು. ಅಂಕಿಯನ್ನು ನಂಬಿ ಎಂದವನು ತಾನೇ ಆದ್ದರಿಂದ ಪಾಲಾಕ್ಷ ಎದುರಾಡುವ ಹಾಗಿರಲಿಲ್ಲ.

ಮನೆಗೆ ಬಂದಾಗ ನೀಲಗಂಗಮ್ಮ ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮಗನ ಮುಖ ನೋಡಿ ಏನಾಯಿತೆಂದು ಕೇಳಿದಳು. ಅವನು ಎಲ್ಲ ಹೇಳಿದ.

“ಅಲ್ಲ ಕಣಪ್ಪ, ಜನವ ಏನಂತ ಕೇಳ್ದೆ?”

“ಎಲ್ಲಿಗೆ ಹೋಗ್ತಾ ಇದೀರಿ ಅಂತ.”

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. “ದಾರಿಗೆ ಒಂಟೋರ್ನ ಎಲ್ಲಿಗೆ ಅಂತ ಕೇಳ್ದ್ಯಾ? ಒಂದಲ್ಲ ಎರಡಲ್ಲ, ಇನ್ನೂರು ಜನವ? ನಿನ್ನ ಒಡೀದೆ ಬುಟ್ರಲ್ಲ, ಒಳ್ಳೇ ಜನ ಕಣ್ಲಾ ನಮ್ಮೂರೋರು.”

ಪಾಲಾಕ್ಷ ತಲೆಯ ಮೇಲೆ ಕೈ ಹೊತ್ತುಕೊಂಡು ಕೂತ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಕೇಳಲೇಬೇಕಾದರೆ ‘ದೂರಾನಾ’ ಎನ್ನಬೇಕು ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಚಿಕ್ಕಂದಿನಲ್ಲಿ ಇದಕ್ಕಾಗಿಯೇ ಅಪ್ಪನಿಂದ ತಲೆಗೆ ಮೊಟಕಿಸಿಕೊಂಡಿದ್ದ. ಇಂಗ್ಲಿಷಿನಲ್ಲಿದ್ದ ಪ್ರಶ್ನೆಯನ್ನು ಕನ್ನಡ ಮಾಡುವಾಗ ಅಪ್ಪನ ಮೊಟಕು ಜ್ಞಾಪಕಕ್ಕೆ ಬರಲಿಲ್ಲ. ಐದರಲ್ಲಿ ಒಬ್ಬರನ್ನು ಕೇಳಿದರೂ ಅಷ್ಟೇ, ಐದಕ್ಕೆ ಐದೂ ಜನರನ್ನು ಕೇಳಿದರೂ ಅಷ್ಟೇ, ಕೇಳಬಾರದ್ದನ್ನು ಕೇಳಿದರೆ ಸಿಗುವುದು ಇಲ್ಲೇ ಎಂಬ ಉತ್ತರವೇ.

“ದೂರಾನಾ ಅಂದ್ರೂ ಹೂಂ ಅಂತಾರೆ, ಊರಿನ ಹೆಸರು ಹೇಳಲ್ಲ. ಏನು ಮಾಡಲಿ, ಅವ್ವ?”

“ಓಗೋರ್ನ ಯಾಕೆ ಕೇಳ್ತೀಯ? ಬರೋರ್ನ ಕೇಳು. ಮನೆ ಸೇರೋರಿಗೆ ಇನ್ನೇನು ಭಯ?” ಎಂದು ಆಕೆ ಮತ್ತೆ ಎಣ್ಣೆಗೆ ಕೈ ಹಾಕಿದಳು.

ಮಾರನೆಯ ದಿನವೇ ಪಾಲಾಕ್ಷ ಹಾಸನಕ್ಕೆ ಓಡಿದ. ಗುಂಡಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಂದು ತಿಂಗಳು ಕೊಟ್ಟರು. ಈ ಸಲ ಅವನು ಮಧ್ಯಾಹ್ನದ ಮೇಲೆ ಅದೇ ಕಟ್ಟೆಯ ಬಳಿ ನಿಂತು, ಊರಿಗೆ ಬರುವವರಲ್ಲಿ ಐದನೆಯವರನ್ನು, “ಎಲ್ಲಿಂದ ಬಂದ್ರಿ?” ಎಂದು ಕೇಳಿದ. ಈಗ ಕಷ್ಟವಾದದ್ದು ಅವರ ಮಾತು ನಿಲ್ಲಿಸುವುದು. ಯಾವೂರಿಂದ ಬಂದದ್ದು, ಅಲ್ಲಿ ಏನು ಊಟ, ಬೀಗರು ಎಂಥವರು, ಎಲ್ಲ ಬಂತು. ಒಂದೇ ಒಂದು ಎಚ್ಚರ ವಹಿಸಿದ. ಬಸ್ಸಿದ್ದರೆ ಹತ್ತುತ್ತೀರಾ ಎಂದು ಕೇಳಲಿಲ್ಲ. ದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಎನ್ನುತ್ತಾರೆಂದು ಅವನಿಗೆ ಈಗ ಬುದ್ಧಿ ಬಂದಿತ್ತು. ಬಾಡಿಗೆ ಗಾಡಿಯಲ್ಲಿ ಬಂದವರನ್ನು ಮಾತ್ರ ಬಸ್ಸಿನ ಗಿರಾಕಿಗಳೆಂದು ಬರೆದುಕೊಂಡ.

ಹತ್ತು ದಿನಕ್ಕೆ ಅಂಥವರು ನಲವತ್ತೇಳು ಜನ ಸಿಕ್ಕಿದರು. ಐದರಿಂದ ಗುಣಿಸಿ, ಹತ್ತರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಇಪ್ಪತ್ನಾಲ್ಕು.

“ಇಪ್ಪತ್ನಾಲ್ಕು ಜನ ಬತ್ತಾರೆ ಅನ್ನು, ಮುಗೀತು,” ಎಂದರು ಗುಂಡಯ್ಯ.

“ಹಾಗನ್ನೋಕಾಗಲ್ಲ, ಸಾ. ಹದಿನೆಂಟರಿಂದ ಮೂವತ್ತರೊಳಗೆ. ಅದೂ ಹತ್ತು ದಿನಕ್ಕೆ ಏಳು ದಿನ. ಇನ್ನೂ ಗಟ್ಟಿಯಾಗಿ ಹೇಳಬೇಕಾದರೆ ಹದಿಮೂರರಿಂದ ಮೂವತ್ತೈದು.”

“ಇನ್ನೂ ಗಟ್ಟಿಯಾಗಿ ಕೇಳುದ್ರೆ ಸೊನ್ನೆಯಿಂದ ನೂರು ಅಂತೀಯ. ಆ ಮಿಕ್ಕ ಮೂರು ದಿನದ ಗತಿ?”

“ಆ ಮೂರು ದಿನ ನೀವು ನನ್ನ ಬೈಬಹುದು.”

“ಬಯ್ಯೋಕೆ ನಂಗೆ ನಿನ್ ಲೆಕ್ಕ ಬ್ಯಾಡ, ದಿನಾ ಬಯ್ತೀನಿ.” ಹೀಗೆಂದವರು ಕಾಗದ ತರಿಸಿ ಕರಾರು ಬರೆಸಿದರು. ಸಂತೆಯಿಲ್ಲದ ಒಂದು ಬುಧವಾರ ಬಸ್ಸು ಬಾಗೂರಿಗೆ ಹೋಗಿ ಬರುವುದು. ಹೋಗುವಾಗ ಹದಿನೆಂಟು ಜನಕ್ಕೆ ಕಡಿಮೆಯಾದರೆ ಅರಕಲಗೂಡೇ ಗಟ್ಟಿ. ಕೆಳಗೆ ಪಾಲಾಕ್ಷ ತಾನಾಗಿಯೇ ಒಂದು ಸಾಲು ಸೇರಿಸಿದ: ನಮ್ಮ ಮನೆಯವರನ್ನು ಎಣಿಸತಕ್ಕದ್ದಲ್ಲ.

ಆ ಬುಧವಾರ ಬೆಳಿಗ್ಗೆ ನೀಲಗಂಗಮ್ಮ ಎಲ್ಲರಿಗಿಂತ ಮೊದಲೇ ಬಂದು, ಎಳ್ಳುಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ನಂಜಪ್ಪ ಟಿಕೀಟು ಹರಿಯಲು ಶುರು ಮಾಡಿ, ಮೊದಲನೆಯವನನ್ನೇ, “ಎಲ್ಲಿಗೆ ಸಾ?” ಎಂದ. ಆ ಮನುಷ್ಯ ಮುಖ ಸಿಂಡರಿಸಿಕೊಂಡು ಕೆಳಗಿಳಿದು ಹೋದ. ಪಾಲಾಕ್ಷ ಓಡಿ ಹೋಗಿ ನಂಜಪ್ಪನ ಕಿವಿಯಲ್ಲಿ, “ಯಾವೂರ ಟಿಕೀಟು ಕೊಡಲಿ ಅಂತ ಕೇಳೋ, ಪುಣ್ಯಾತ್ಮ,” ಎಂದ. ಇಳಿದವನು ಎಲೆಅಡಿಕೆ ಹಾಕಿಕೊಂಡು, ಗಳಿಗೆ ಬಿಟ್ಟು ಮತ್ತೆ ಹತ್ತಿದ. ಈ ಸಲ ಪಾಲಾಕ್ಷ ಅವನನ್ನು ಒಂದೇ ಸಲ ಎಣಿಸಿದ.

ಹೊಳೆನರಸೀಪುರದಲ್ಲಿ ಹತ್ತು ಜನವಾದರು. ದಾರಿಯಲ್ಲಿ ಮೂವರು ಕೈ ಅಡ್ಡ ಹಿಡಿದರು. ಚನ್ನರಾಯಪಟ್ಟಣದಲ್ಲಿ ನಾಲ್ವರು ಹತ್ತಿದರು. ಆಮೇಲೆ ಬಾಗೂರಿನವರೆಗೂ ಪಾಲಾಕ್ಷ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ದಾರಿ ನೋಡಿದ. ಎಮ್ಮೆಗಳು ಕಂಡವು, ಜನ ಕಾಣಲಿಲ್ಲ.

ಬಾಗೂರಿನಲ್ಲಿ ಬಸ್ಸು ನಿಂತಾಗ ಗುಂಡಯ್ಯನವರು ಮುಂದಿನ ಸೀಟಿನಿಂದ ತಿರುಗಿ, “ಎಷ್ಟಾಯ್ತಪ್ಪ?” ಎಂದರು.

“ಹದಿನೇಳು, ಸಾ,” ಎಂದ ಪಾಲಾಕ್ಷ.

“ನಾನು ಹದಿನೆಂಟು ಎಣಿಸ್ದೆ.”

“ನಮ್ಮವ್ವನ್ನೂ ಸೇರಿಸಿದ್ದೀರಿ. ಕರಾರಿನಲ್ಲಿ ಹಾಗಿಲ್ಲ.”

ಇಳಿಯುತ್ತಿದ್ದ ನೀಲಗಂಗಮ್ಮನಿಗೆ ಇದು ಕೇಳಿಸಿತು. ಟಿಕೀಟನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮಗನ ಮುಂದೆ ಹಿಡಿದಳು. “ಎಲ್ಲಾರಂಗೆ ನಾನೂ ಟಿಕೀಟು ತಗಂಡಿವ್ನಿ. ನೀನು ಇವರ ತಾವ ಕೆಲಸಕ್ಕೆ ಇಲ್ದಿದ್ರೂ ನಾನು ಈ ಬಸ್ ಅತ್ತುತಿದ್ದೆ. ನಿನ್ ಅವ್ವ ಆದ ತಪ್ಪಿಗೆ ನಾನು ಜನ ಅಲ್ವೇನ್ಲಾ?”

ಗುಂಡಯ್ಯನವರು ಜೇಬಿನಿಂದ ಕರಾರಿನ ಕಾಗದ ತೆಗೆದು, ಅವನು ಸೇರಿಸಿದ್ದ ಕೊನೆಯ ಸಾಲನ್ನು ಹುಡುಕಿ, ಅದರ ಮೇಲೆ ಪೆನ್ಸಿಲಿನಿಂದ ಗೀಟು ಎಳೆದರು.

“ಎತ್ತ ತಾಯೀನೇ ಬುಟ್ಟು ಎಣಿಸೋನು ಸುಳ್ ಲೆಕ್ಕ ಕೊಡಾಕಿಲ್ಲ. ನಾಳಿಂದ ಬಸ್ಸು ಇದೇ ದಾರಿಗೆ. ಓಗಿ ಮೊಮ್ಮಗಳ ನೋಡ್ಕಂಡು ಬನ್ನಿ ತಾಯಿ, ಬಸ್ಸು ನಾಲ್ಕು ಗಂಟೆಗೆ,” ಎಂದರು.

ಸಂಜೆ ಬಸ್ಸು ಹೊಳೆನರಸೀಪುರದ ಅರಳಿಕಟ್ಟೆಗೆ ಬಂದು ನಿಂತಿತು. ಪಾಲಾಕ್ಷ ಮೊದಲು ಇಳಿದು, ಅಭ್ಯಾಸದಂತೆ ನೋಟುಬುಕ್ಕು ತೆರೆದು ನಿಂತ. ಎಣಿಸುತ್ತ ಹೋದರೆ ಐದನೆಯವಳಾಗಿ ಇಳಿದವಳು ಅವ್ವ. ಎಳ್ಳುಂಡೆಯ ಡಬ್ಬಿ ಖಾಲಿಯಾಗಿತ್ತು, ಸೀರೆಯ ಹೆಗಲ ಮೇಲೆ ಮಗು ಜೊಲ್ಲು ಸುರಿಸಿದ ಒದ್ದೆ ಇನ್ನೂ ಆರಿರಲಿಲ್ಲ.

ಐದನೆಯವರನ್ನು ಬಿಡುವ ಹಾಗಿಲ್ಲ. “ಎಲ್ಲಿಂದ ಬಂದ್ರಿ?” ಎಂದು ಕೇಳಿದ.

“ಮಗಳ ಮನೆಯಿಂದ ಕಣಪ್ಪ,” ಎಂದಳು ನೀಲಗಂಗಮ್ಮ. “ಬರ್ಕೊ.”

ಅವನು ಬರೆದುಕೊಂಡ.