ಗೂಟದವರು

ಸಂಜೆ ದೇವರಿಗೆ ದೀಪ ಹಚ್ಚಿದರೆ ಪಕ್ಕದ ಗೋಡೆಯ ಮೇಲೆ ಮರದ ಗೂಟದ ನೆರಳು ಉದ್ದಕ್ಕೆ ಬೀಳುತ್ತದೆ. ಒಂದು ಕಾಲಕ್ಕೆ ಆ ಗೂಟದಲ್ಲಿ ನಮ್ಮ ಮನೆಯ ಜೋಡುನಳಿಗೆಯ ಕೋವಿ ತೂಗುತ್ತಿತ್ತು.

‘ಗೂಟದವರು’ ಎಂಬ ಮಾತನ್ನು ಈಗ ಚುನಾವಣೆಯ ಭಾಷಣಗಳಲ್ಲಿ ಕೇಳುತ್ತೇನೆ. ಕೋವಿಯ ಹಕ್ಕು ಬೇಕೆನ್ನುವವರು ಎದೆ ತಟ್ಟಿ ಹೇಳಿಕೊಳ್ಳುತ್ತಾರೆ. ಬೇಡವೆನ್ನುವವರು ಅದನ್ನೇ ಬೈಗುಳ ಮಾಡಿದ್ದಾರೆ. ಇಬ್ಬರಿಗೂ ಅದು ಹುಟ್ಟಿದ ಜಾಗ ಗೊತ್ತಿಲ್ಲ. ಅದು ಹುಟ್ಟಿದ್ದು ನನ್ನ ಮನೆಯಲ್ಲಿ.

ನಮ್ಮಲ್ಲಿ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಎರಡು ಕೇಳಿದವರು, ಎಂಥ ಹಗೆಯಿದ್ದರೂ, ಹೆಗಲು ಕೊಡಲು ಬರಬೇಕು.

ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದಾಗಲೇ ಮನೆಮನೆಯ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸುವ ಆಜ್ಞೆ ಬಂತು. ಬೇಲಿಯ ಜಗಳದಿಂದಾಗಿ ಅವರಿಗೂ ಅವರ ತಮ್ಮ ಮೊಣ್ಣಪ್ಪನಿಗೂ ವರ್ಷಗಳಿಂದ ಮಾತಿರಲಿಲ್ಲ. “ನಾನು ಹೋದಾಗ ಮೊಣ್ಣನಿಗೆ ಆಳು ಕಳಿಸಬೇಡ. ಕರೆದರೆ ಬರೋನಲ್ಲ. ಸದ್ದು ಕೇಳಿದರೆ ಬರ್ತಾನೆ” ಎಂದಿದ್ದರು.

ಅಮಲ್ದಾರರು ಬಂದ ಮಧ್ಯಾಹ್ನ ಯಜಮಾನರಿಗೆ ಮೇಲುಸಿರು ಹತ್ತಿತ್ತು; ಹಗಲಲ್ಲೇ ದೇವರ ದೀಪ ಹಚ್ಚಿದ್ದೆ.

“ಕೋವಿ ಇಳಿಸಮ್ಮ.”

“ಇವರು ಹೋಗುವ ತನಕ ಇಳಿಸೋದಿಲ್ಲ ಸ್ವಾಮಿ. ಊರಿಗೆ ತಿಳಿಸಬೇಕು.”

“ಅದಕ್ಕೆ ಡಂಗುರದವನಿದ್ದಾನೆ.”

“ಅವನನ್ನು ಕಂಡರೆ ನನ್ನ ಮೈದುನ ಬಾಗಿಲು ಹಾಕಿಕೊಳ್ತಾನೆ. ಗುಂಡಿನ ಸದ್ದಿಗೆ ಬಾಗಿಲಿಲ್ಲ.”

ಅವರು ಜವಾನರ ಕಡೆ ತಿರುಗಿ ನಕ್ಕರು. “ದನ ಗೂಟ ಸುತ್ತಿದ ಹಾಗೆ ಇವರದು ಒಂದೇ ಮಾತು. ಗೂಟದವರು!”

“ಹೌದು, ಗೂಟದವರೇ. ಮೊದಲು ಆ ದೇವರ ದೀಪ ಆರಿಸಿ, ಆಮೇಲೆ ಕೋವಿ ಮುಟ್ಟಿ” ಎಂದು ನಾನು ಗೂಟದ ಕೆಳಗೇ ಕುಳಿತೆ.

ಯಾರೂ ದೀಪ ಆರಿಸಲಿಲ್ಲ. ಅಂಗಳದಲ್ಲಿ ಕಾದರು. ಹೊತ್ತಿಳಿಯುವಾಗ ಯಜಮಾನರ ಬಾಯಿಗೆ ತೀರ್ಥ ಬಿಟ್ಟೆ. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಲಿಲ್ಲ. ಕೋವಿ ಹಿಡಿದು ಹೊರಗೆ ಬಂದು ಅಮಲ್ದಾರರ ಎದುರಿಗೇ ಎರಡು ಗುಂಡು ಹಾರಿಸಿದೆ.

ಮೊಣ್ಣಪ್ಪ ಗದ್ದೆ ದಾಟಿ ಓಡಿ ಬಂದ, ಮೈಮೇಲೆ ಅಂಗಿಯೂ ಇಲ್ಲದೆ. ಕಂಬ ಹಿಡಿದು ನಿಂತು, “ಅತ್ತಿಗೇ, ನನ್ನ ಕೋವಿ ನಿನ್ನೆಯೇ ಕೊಟ್ಟುಬಿಟ್ಟೆ. ‘ಅಣ್ಣಾ, ಬಂದೆ’ ಅಂತ ಅಲ್ಲಿಂದಲೇ ಉತ್ತರಕ್ಕೆ ಗುಂಡು ಹೊಡೆಯೋಕೂ ಆಗಲಿಲ್ಲ” ಎಂದು ಅತ್ತ. ಚಟ್ಟಕ್ಕೆ ಮೊದಲ ಹೆಗಲು ಅವನದೇ.

ಕೋವಿಯನ್ನು ಕೊನೆಗೆ ಒಯ್ದರು; ಅಮಲ್ದಾರರ ಮಾತೂ ಜವಾನರ ಬಾಯಲ್ಲಿ ಊರೂರಿಗೆ ಹೋಯಿತು. ಎಷ್ಟೋ ವರ್ಷಗಳ ಮೇಲೆ, ಮೊನ್ನೆ, ಮೊಣ್ಣಪ್ಪನೂ ತೀರಿಕೊಂಡ. ಗುಂಡಿನ ಸದ್ದಿಲ್ಲ; ಆಳು ಹೋಗಿ ಹೇಳಿದ ಮನೆಗಳವರಷ್ಟೇ ಬಂದರು. ನನ್ನ ಸರದಿಗೂ ಅಷ್ಟೇ ಇರಬಹುದು, ದೇವರ ಚಿತ್ತ. ಆದರೆ ಸುಣ್ಣ ಬಳಿಯಲು ಬಂದವನು ನಿನ್ನೆ, “ಖಾಲಿ ಗೂಟ ಯಾಕಜ್ಜಿ, ಕೀಳಲಾ?” ಎಂದಾಗ, “ಮುಟ್ಟಿ ನೋಡು” ಎಂದೆ. ಅವನು ಅದರ ಸುತ್ತ ಬಳಿದು ಹೋದ.

ಈಗ ದೀಪ ಹಚ್ಚಿದ್ದೇನೆ. ಹೊಸ ಸುಣ್ಣದ ಮೇಲೆ ಗೂಟದ ನೆರಳು ನಳಿಗೆಯಷ್ಟೇ ಉದ್ದವಾಗಿ, ಬಾಗಿಲ ತನಕ ಚಾಚಿದೆ.