ಮಗ್ಗದ ಕುಣಿಗೆ ತಂದ ಮಣ್ಣು

ಪ್ಲೇಗು ಊರು ಬಿಟ್ಟು ಹೋಗಿ ವರ್ಷವಾಗಿತ್ತು. ಮೊಳಕಾಲ್ಮೂರಿನ ನೇಕಾರ ಚಿತ್ತಪ್ಪನ ಎದೆಯನ್ನು ಮಾತ್ರ ಅದು ಇನ್ನೂ ಬಿಟ್ಟಿರಲಿಲ್ಲ.

ಇದು ನಮ್ಮ ಮುತ್ತಜ್ಜಂದಿರ ಕಾಲದ ಮಾತು. ಆಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಒಲೆಯ ಮೇಲಿನ ಮಡಕೆಯನ್ನೂ ಬಿಟ್ಟು ಜನ ಊರ ಹೊರಗಿನ ಗುಡಿಸಲಿಗೆ ಓಡುತ್ತಿದ್ದರು. ಚಿತ್ತಪ್ಪನ ಮನೆಯಲ್ಲಿ ಇಲಿ ಬಿದ್ದದ್ದು ಮಗ್ಗದ ಕುಣಿಯೊಳಗೆ. ರೇಷ್ಮೆ ಸೀರೆ ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಅಲ್ಲಿರುವ ಹಲಗೆ ತುಳಿಯುತ್ತಾ ಲಾಳಿ ಎಸೆಯಬೇಕು. ಅವತ್ತು ಹಾಗೆ ಕೂತಿದ್ದವನು ಚಿತ್ತಪ್ಪನ ತಮ್ಮ ಸಣ್ಣತಿಮ್ಮಪ್ಪ. ಕಾಲಿಗೆ ಏನೋ ಮೆತ್ತಗೆ ತಾಗಿತೆಂದು ಬಗ್ಗಿ ನೋಡಿದರೆ ಸತ್ತ ಇಲಿ. ವಾರ ಕಳೆಯುವುದರೊಳಗೆ ಅವನೂ ಹೋದ.

ಗುಡಿಸಲಿಗೆ ಹೋದವರೆಲ್ಲ ಮನೆಗೆ ಮರಳಿದರು. ಕೇರಿಯಲ್ಲಿ ಲಾಳಿಯ ಸದ್ದು ಮತ್ತೆ ಕೇಳಿಸಿತು. ಚಿತ್ತಪ್ಪನ ಮಗ್ಗದ ಮೇಲೆ ತಮ್ಮ ಅರ್ಧ ನೇಯ್ದಿದ್ದ ಸೀರೆ ಹಾಗೇ ಧೂಳು ಹಿಡಿಯುತ್ತಿತ್ತು.

ಚಿತ್ತಪ್ಪ ಕೂರಲು ಹೋಗುತ್ತಿರಲಿಲ್ಲ ಅಂತಲ್ಲ. ದಿನಾ ಹೋಗುತ್ತಿದ್ದ. ಮೊದಲು ಒಂದು ಕೋಲು ತಂದು ಕುಣಿಯನ್ನೆಲ್ಲ ತಿವಿದು ನೋಡುತ್ತಿದ್ದ. ಏನೂ ಇರುತ್ತಿರಲಿಲ್ಲ. ಆ ಮೂಲೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ತಿವಿಯುತ್ತಿದ್ದ. ಕಾಲು ಇಳಿಸುವ ಹೊತ್ತಿಗೆ ಎದೆ ಡವಡವ, ಅಂಗೈಯೆಲ್ಲ ಬೆವರು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಂತೆ. ಎದ್ದು ಜಗಲಿಗೆ ಬಂದರೆ ಹೋದ ಜೀವ ಬಂದಂತಾಗುತ್ತಿತ್ತು. ಆದರೆ ಮಾರನೆಯ ದಿನ ಕುಣಿಯವರೆಗೂ ಹೋಗುವುದೇ ಬೇಡ, ಹೊಸ್ತಿಲಲ್ಲೇ ಎದೆ ಬಡಿದುಕೊಳ್ಳುತ್ತಿತ್ತು.

ಕೇಳಿದವರಿಗೆ "ಸೊಂಟ ಹಿಡ್ಕೊಂಡೈತೆ" ಅನ್ನುತ್ತಿದ್ದ. ಗಂಡಸಾದವನು ಹೆದರಿಕೆ ಅಂತ ಬಾಯಿ ಬಿಟ್ಟು ಹೇಳುವುದುಂಟೇ! ಅವನ ಅವ್ವ ಬೋರಕ್ಕ ಪಾಪ, ಸೊಂಟಕ್ಕೆ ಹರಳೆಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಎಣ್ಣೆ ದಂಡವಾಯಿತು, ಅಷ್ಟೇ. ಹೆಂಡತಿ ಯರ್ರಮ್ಮ ಊರವರ ಮಗ್ಗಗಳಿಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಟ್ಟು ಹಿಟ್ಟಿಗೆ ದಾರಿ ಮಾಡುತ್ತಿದ್ದಳು. ಹೆದರಿ ಹೆದರಿ ಚಿತ್ತಪ್ಪನಿಗೆ ಎಷ್ಟು ಸುಸ್ತಾಗಿತ್ತೆಂದರೆ, ಸಾಯುವುದೇ ಆದರೆ ಸತ್ತಾದರೂ ಹೋಗಬಾರದೇ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಕೋಲಿನ ತಿವಿತಕ್ಕೆ ಕುಣಿಯೊಳಗೆ ಹಲಗೆ ಕಟ್ಟಿದ್ದ ಹಗ್ಗ ಹರಿಯಿತು. ಅದನ್ನು ಕಟ್ಟಲು ಯಾರಾದರೂ ಕೆಳಗೆ ಇಳಿಯಲೇಬೇಕು. ಚಿತ್ತಪ್ಪ ಬುಟ್ಟಿ ಎತ್ತಿಕೊಂಡು ಹೊರಗೆ ಹೋದ. ಹೊತ್ತೇರುವುದರೊಳಗೆ ಕೆರೆಯಂಗಳದಿಂದ ಬುಟ್ಟಿಬುಟ್ಟಿ ಮಣ್ಣು ತಂದು ಅಂಗಳದಲ್ಲಿ ಗುಡ್ಡೆ ಹಾಕಿದ.

"ಇದ್ಯಾಕಪ್ಪ ಮಣ್ಣು?" ಬೋರಕ್ಕ ಕೇಳಿದಳು.

"ಕುಣಿ ಮುಚ್ಚಿಬಿಡ್ತೀನಿ ಕಣವ್ವ."

"ಅಯ್ಯೋ ದೇವ್ರೇ! ನೇಕಾರನ ಮನೆ ಕುಣಿಗೆ ಮಣ್ಣು ಹಾಕೋದೂ ಒಂದೇ, ಉರಿಯೋ ಒಲೆಗೆ ನೀರು ಹೊಯ್ಯೋದೂ ಒಂದೇ. ಸಣ್ಣೋನು ನೇಯ್ದ ಸೀರೆ ಏನ್ಮಾಡ್ತೀಯ?"

"ಕತ್ತರಿಸಿ ತೆಗೀತೀನಿ."

ಯರ್ರಮ್ಮ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟು, ಪಕ್ಕದ ಮನೆಯ ಮಾರಣ್ಣನನ್ನು ಕರೆತರಲು ಹೋದಳು. ಮಾರಣ್ಣನೂ ನೇಕಾರನೇ, ವಯಸ್ಸಿನಲ್ಲಿ ಹಿರಿಯ. ಅದೇ ಪ್ಲೇಗಿನಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಬಂದವನೇ ಮಣ್ಣಿನ ಗುಡ್ಡೆ ನೋಡಿದ, ಚಿತ್ತಪ್ಪನ ಮುಖ ನೋಡಿದ.

"ಸೊಂಟ ನೋವಲ್ಲ ತಾನೇ ಲೇ?"

ಚಿತ್ತಪ್ಪನಿಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ಅಲ್ಲ ಮಾರಣ್ಣ. ಹೆದರಿಕೆ. ಕುಣಿಗೆ ಕಾಲಿಟ್ರೆ ಎದೆ ಒಡ್ದೋಗುತ್ತೆ."

"ಗಾಳಿ ಸೋಕೈತೆ, ತಾಯಿತ ಕಟ್ಟಿಸ್ಬೇಕು" ಎಂದಳು ಬೋರಕ್ಕ.

"ಕಟ್ಟಿಸಕ್ಕ, ಬ್ಯಾಡ ಅನ್ನಲ್ಲ. ಆದ್ರೆ ತಾಯಿತ ಕಟ್ಕೊಂಡು ಜಗಲಿ ಮೇಲೆ ಕೂತ್ರೆ ಮಗ್ಗ ತಾನಾಗಿ ಆಡುತ್ತಾ?" ಮಾರಣ್ಣ ಚಿತ್ತಪ್ಪನ ಪಕ್ಕ ಕೂತ. "ನೋಡು, ನಮ್ಮವಳು ಹೋದ್ಮೇಲೆ ನನಗೂ ಹಂಗೇ. ಎಲ್ರೂ ಊರೊಳಗೆ ಬಂದ್ರೂ ನಾನು ಗುಡಿಸ್ಲು ಬಿಟ್ಟು ಬರಲಿಲ್ಲ. ಮನೆ ಬಾಗ್ಲು ಕಂಡ್ರೆ ಎದೆ ತಮಟೆ ಹೊಡ್ಕೊಂತಿತ್ತು. ಒಡೀಲಿಲ್ಲ ನೋಡು, ಇನ್ನೂ ಇದ್ದೀನಿ."

"ಮತ್ತೆ ಹೆಂಗೆ ಬಂದೆ?"

"ದೊಡ್ಡಉಳ್ಳಾರ್ತಿ ಕಾವಲಲ್ಲಿ ದನ ಕಾಯ್ತಾನಲ್ಲ ನಮ್ಮ ಸೋದರಮಾವ, ಅವನು ಹೇಳಿಕೊಟ್ಟ. ಹೋರಿ ಒಂದು ಬಂಡೆ ಕಂಡು ಬೆದರಿತು ಅಂತಿಟ್ಕೋ. ಹೊಡೆದ್ರೆ ಕೆಡುತ್ತೆ. ಹಿಂದಕ್ಕೆ ತಿರುಗಿಸ್ಕೊಂಡು ಬಂದ್ರೆ ಇನ್ನೂ ಕೆಡುತ್ತೆ, ನಾಳೆ ಅರ್ಧ ದಾರೀಲೇ ನಿಂತುಬಿಡುತ್ತೆ. ಅದು ಎಲ್ಲಿ ನಿಲ್ತೋ ಅಲ್ಲೇ ಹಗ್ಗ ಹಿಡ್ಕೊಂಡು ಜೊತೇಲಿ ನಿಂತ್ಕೋಬೇಕು. ನಡುಕ ತಾನಾಗಿ ಇಳಿಯುತ್ತೆ, ಮೇಯಕ್ಕೆ ಶುರು ಮಾಡುತ್ತೆ. ಆಮೇಲೆ ಮುಂದಿನ ಹೆಜ್ಜೆ. ನಾನೂ ಹಂಗೇ ಹೆಜ್ಜೆ ಹೆಜ್ಜೆ ಬಂದೆ."

"ನಾನೇನು ದನಾನಾ?"

"ದನ ಆಗಿದ್ರೆ ಇಷ್ಟೊತ್ತಿಗೆ ಸರಿಹೋಗಿರ್ತಿದ್ದೆ. ನೀನು ದಿನಾ ಅರ್ಧ ದಾರೀಲಿ ವಾಪಸ್ ಬರ್ತೀಯ, ಅದಕ್ಕೇ ಹೆದರಿಕೆ ಹೊಸ್ತಿಲಿಗೇ ಬಂದು ಕೂತೈತೆ."

ಯರ್ರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಇಲಿ ನಿಜವಾಗ್ಲೂ ಬಂದ್ರೆ ಏನ್ಮಾಡೋದು ಮಾವ?"

"ಒಳ್ಳೇದು ಕೇಳ್ದೆ ಕಣಮ್ಮ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೆ ಮಾಡೋ ಕೆಲಸ ಐತೆ. ಮಾಡಿ ಮುಗಿಸ್ಬೇಕು, ಆಮೇಲೆ ದಿನಾ ಮಾಡ್ಬಾರ್ದು. ಹೆಂಗೂ ಮಣ್ಣು ತಂದವ್ನೆ. ಕಲ್ಲುಚೂರು ಕಲಸಿ ಗೋಡೆ ಬುಡದ ಬಿಲ ಎಲ್ಲ ಮುಚ್ಚಿ. ಕಾಳು ಮುಚ್ಚಳ ಇರೋ ಗಡಿಗೆಗೆ ಹಾಕಿ. ಮಿಕ್ಕ ಹೆದರಿಕೆಗೆ ಮಾಡೋ ಕೆಲಸ ಏನಿಲ್ಲ. ಅದರ ಜೊತೆ ಕೂತ್ಕೋಬೇಕು, ಅಷ್ಟೇ."

ಕುಣಿ ಮುಚ್ಚಲು ತಂದ ಮಣ್ಣು ಬಿಲಗಳ ಬಾಯಿಗೆ ಹೋಯಿತು. ಸಂಜೆಯ ಹೊತ್ತಿಗೆ ಗೋಡೆಯ ಬುಡವೆಲ್ಲ ಸಾರಿಸಿಟ್ಟಂತಾಯಿತು. ಹೋಗುವಾಗ ಮಾರಣ್ಣ ಕೋಲನ್ನು ಎತ್ತಿಕೊಂಡು ಬೋರಕ್ಕನ ಕೈಗೆ ಕೊಟ್ಟ. "ಕೋಳಿ ಓಡಿಸೋಕೆ ಇಟ್ಕೊಳ್ಳಕ್ಕ. ಇವನ ಕೈಗೆ ಮಾತ್ರ ಕೊಡಬ್ಯಾಡ."

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹೆದರಿಕೆ ಹತ್ತಿದ್ದು ಗಳಿಗೆಯಲ್ಲಾದರೂ ಇಳಿಯುವುದು ನಿಧಾನ. ಮೊದಮೊದಲು ಚಿತ್ತಪ್ಪ ಕುಣಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ, ಅಷ್ಟೇ. ಎದೆ ಬಡಿದುಕೊಂಡಾಗ, ಮಾರಣ್ಣ ಹೋಗುವ ಮುಂಚೆ ಹೇಳಿಕೊಟ್ಟಿದ್ದಂತೆ, ಕಂಡಿಕೆಯಿಂದ ಎಳೆ ಬಿಟ್ಟ ಹಾಗೆ ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟ. ಬಡಿತ ಏರಿತು, ಏರಿತು, ಇನ್ನು ಸತ್ತೇ ಹೋದೆ ಅನ್ನುವಷ್ಟು ಏರಿತು. ಅವನು ಏಳಲಿಲ್ಲ. ಅದಕ್ಕೂ ಸಾಕಾಯಿತೇನೋ, ಇಳಿಯತೊಡಗಿತು. ಒಂದು ದಿನ ಅಂಚಿನಲ್ಲಿ ಪಾದ ಇಟ್ಟ. ಇನ್ನೊಂದು ದಿನ ಕೈಲಾಗದೆ ಜಗಲಿಗೆ ಓಡಿಹೋದ. ಅವತ್ತು ಯರ್ರಮ್ಮನಿಗೂ ರೇಗಿತು.

"ನನಗೂ ಸಾಕಾಗೈತೆ ಕಣ್ರಿ. ಸುತ್ತಿ ಸುತ್ತಿ ಬೆರಳು ನೋಡ್ರಿ ಹೆಂಗಾಗವೆ!" ಎಂದು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ನಾಳೆ ನಾನೂ ಅಲ್ಲೇ ಕೂತು ಸುತ್ತುತೀನಿ, ಬರ್ರಿ" ಎಂದಳು.

ಹೇಳಿದಂತೆ ಮಾರನೆಯ ದಿನದಿಂದ ಕುಣಿಯ ಪಕ್ಕದಲ್ಲೇ ರಾಟೆ ಹಾಕಿಕೊಂಡಳು. ಹೆದರಬೇಡ ಅನ್ನಲಿಲ್ಲ, ನಗಲಿಲ್ಲ, ಜೊತೆಗಿದ್ದಳು.

ಹೀಗೇ ಅಳುಕುತ್ತಾ ಅಳುಕುತ್ತಾ ಚಿತ್ತಪ್ಪ ಒಂದು ಬೆಳಿಗ್ಗೆ ಹಗ್ಗ ಕಟ್ಟಲು ಕುಣಿಯೊಳಗೇ ಇಳಿದ. ಬಗ್ಗಿ ಹಲಗೆ ಸರಿಸುವಾಗ ಕಾಲಿಗೆ ಏನೋ ಮೆತ್ತಗೆ ತಾಗಿತು.

ಎದೆ ಧಸಕ್ಕೆಂದಿತು. ಕೈ ತಾನಾಗಿ ಕುಣಿಯ ಅಂಚನ್ನು ಹಿಡಿಯಿತು, ಮೇಲೆ ಹಾರಲು. ರಾಟೆ ನಿಂತಿತು. ಯರ್ರಮ್ಮ ಅವನನ್ನೇ ನೋಡುತ್ತಿದ್ದಳು.

ಚಿತ್ತಪ್ಪ ಮೇಲೆ ಬರಲಿಲ್ಲ. ಉಸಿರು ಬಿಟ್ಟ, ಮತ್ತೊಮ್ಮೆ ಬಿಟ್ಟ. ಆಮೇಲೆ ಬಗ್ಗಿ ಕಾಲ ಬಳಿ ನೋಡಿದ. ಅದು ರೇಷ್ಮೆ ನೂಲು ಸುತ್ತಿದ ಕಂಡಿಕೆ. ಧೂಳು ಮೆತ್ತಿತ್ತು, ನೂಲು ಅರ್ಧ ಹಾಗೇ ಇತ್ತು. ಅವತ್ತು ಇಲಿ ಕಂಡು ಎದ್ದು ಓಡುವಾಗ ಸಣ್ಣತಿಮ್ಮಪ್ಪನ ಕೈಯಿಂದ ಜಾರಿದ್ದು. ಹಲಗೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಅಷ್ಟು ದಿನ ಕೋಲಿನಿಂದ ತಿವಿದರೂ ಸಿಕ್ಕಿರಲಿಲ್ಲ.

"ನಮ್ಮ ಸಣ್ಣೋಂದು ಕಣೆ" ಎಂದ. ಕುಣಿಯಲ್ಲಿ ನಿಂತೇ ಗೋಳೋ ಎಂದು ಅತ್ತ. ತಮ್ಮ ಸತ್ತಾಗ ಓಡುವ ಗಡಿಬಿಡಿಯಲ್ಲಿ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ. ಹೆದರಿಕೆ ಎಂದು ವರ್ಷವೆಲ್ಲ ಹೊತ್ತು ತಿರುಗಿದ್ದರಲ್ಲಿ ಅರ್ಧಕ್ಕರ್ಧ ದುಃಖವೇ ಇತ್ತು. ಬೋರಕ್ಕ ಬಂದು ಅಂಚಿನಲ್ಲಿ ಕೂತು ಅವನ ತಲೆ ಸವರಿದಳು, ಅವಳೂ ಅತ್ತಳು.

ಹಗ್ಗ ಕಟ್ಟಿದ ಮೇಲೆ ಚಿತ್ತಪ್ಪ ಕಂಡಿಕೆಯ ಧೂಳು ಒರೆಸಿ ಲಾಳಿಯೊಳಗಿಟ್ಟ. ತಮ್ಮ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ, ತಮ್ಮನ ನೂಲಿನಿಂದಲೇ ನೇಯ್ದ. ಎದೆ ಆಗಲೂ ಬಡಿದುಕೊಳ್ಳುತ್ತಲೇ ಇತ್ತು. ಬಡಿದುಕೊಳ್ಳಲಿ ಎಂದು ಬಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಚಿತ್ತಪ್ಪನ ಕುಣಿಯಂಥದ್ದು ನಿಮ್ಮ ಬದುಕಿನಲ್ಲೂ ಒಂದಿರಬಹುದು. ಬಸ್ಸು ಹತ್ತಲು ಹೆದರಿಕೆ, ನಾಲ್ಕು ಜನರೆದುರು ಮಾತಾಡಲು ಹೆದರಿಕೆ, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎಳೆದು ನೋಡುವುದು. ಇದು ಹೇಡಿತನವಲ್ಲ, ದೆವ್ವವೂ ಅಲ್ಲ. ಸೊಂಟ ನೋವೆಂದು ಮುಚ್ಚಿಡಬೇಡಿ, ನಂಬಿದವರೊಬ್ಬರಿಗೆ ಹೇಳಿ. ಅಂದು ಚಿತ್ತಪ್ಪನಿಗೆ ಇದ್ದದ್ದು ಪಕ್ಕದ ಮನೆಯ ಮಾರಣ್ಣನೊಬ್ಬನೇ. ಇಂದು ನಿಮಗೆ ಊರಿನ ಆರೋಗ್ಯ ನೋಡಿಕೊಳ್ಳುವ ಆಶಾ ಅಕ್ಕ ಇದ್ದಾಳೆ, ಸರ್ಕಾರಿ ಆಸ್ಪತ್ರೆ ಇದೆ. ಎದೆ ಬಡಿತ ಜೋರಾದರೆ ಒಮ್ಮೆ ವೈದ್ಯರಿಗೆ ತೋರಿಸಿ. ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೂ, ಸತ್ತರೆ ಸಾಕು ಅನ್ನಿಸಿದರಂತೂ, ನಾಳೆ ಎನ್ನದೆ ಇವತ್ತೇ ಹೋಗಿ. ಪಕ್ಕದ ಮನೆಯಲ್ಲಿ ಹೆದರಿ ಸುಸ್ತಾದವರು ಯಾರಾದರೂ ಕಂಡರೆ ನಗಬೇಡಿ, ಹತ್ತಿರ ಹೋಗಿ ಕೂರಿ. ಅವರು ಕುಣಿ ಮುಚ್ಚಲು ಮಣ್ಣು ತರುವ ಮೊದಲೇ ಹೋಗಿ.