ಕೊರಳಿಲ್ಲದ ನಿಲುವಂಗಿ

ಬಿಳಿ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ದರ್ಜಿಯಕ್ಕ ಯಾವಾಗಲೂ ಸಣ್ಣದೊಂದು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಈ ಸಲ ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ಕತ್ತರಿಸಿದಳು.

ಹೊಲಿಯುತ್ತಿದ್ದದ್ದು ಜೇನುಬಾಯಿಯ ನಿಲುವಂಗಿ. ಊರಿನ ಪ್ರಾರ್ಥನಾ ಸಭೆಯ ಉಪದೇಶಿಗೆ ಆ ಹೆಸರಿಟ್ಟವಳು ದರ್ಜಿಯಕ್ಕನ ತಂಗಿಯೇ, ಅದೂ ಪ್ರೀತಿಯಿಂದ. ಅವನು ಬಾಯಿ ತೆರೆದರೆ ಕಲ್ಲೂ ಕರಗಿ ನೀರಾಗಬೇಕು, ಅಂಥ ಮಾತು. "ಔಷಧ ಅಂದ್ರೆ ದೇವರ ಮೇಲಿನ ಅನುಮಾನ" ಅಂತ ಅವನಂದ. ಸಕ್ಕರೆ ಕಾಯಿಲೆಯ ತಂಗಿ ನಂಬಿದಳು. ತಂಗಿಯ ಗಂಡ ಅವಳಿಗಿಂತ ಹೆಚ್ಚು ನಂಬಿ, ದಿಂಬಿನ ಪಕ್ಕದಲ್ಲಿದ್ದ ಇನ್ಸುಲಿನ್ ಪೆನ್ನನ್ನು ತನ್ನ ಕೈಯಾರೆ ಕಸದ ಬುಟ್ಟಿಗೆ ಹಾಕಿದ. ವಾರ ತುಂಬುವುದರೊಳಗೆ ತಂಗಿ ಮಣ್ಣು ಸೇರಿದಳು. ಗುಂಡಿಯ ಅಂಚಿನಲ್ಲಿ ನಿಂತು ಜೇನುಬಾಯಿ ಹೇಳಿದ್ದಿಷ್ಟೇ: "ನಂಬಿಕೇಲಿ ಒಂದು ಚೂರು ಕಮ್ಮಿ ಬಿತ್ತು, ಪಾಪ."

ಆ 'ಪಾಪ' ಅಕ್ಕನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಈಗ ಸಭೆ ಅವನಿಗೇ ದೀಕ್ಷೆ ಕೊಟ್ಟು ತನ್ನ ಪಾಲಕನನ್ನಾಗಿ ಮಾಡಲು ಹೊರಟಿತ್ತು. ತಂಗಿಯ ಮಗಳಿಗೂ ತಾಯಿಯದೇ ಕಾಯಿಲೆ. "ದೀಕ್ಷೆಯ ದಿನದಿಂದ ಮಗಳಿಗೂ ಸೂಜಿ ನಿಲ್ಲಿಸ್ತೀನಿ ಅತ್ತಿಗೆ. ಹರಕೆ ಅಂತ ತಿಳ್ಕೊಳ್ಳಿ" ಅಂದಿದ್ದ ತಂಗಿಯ ಗಂಡ. ಅಕ್ಕ ಸಭೆಯ ಹಿರಿಯಜ್ಜನ ಹತ್ತಿರ ಓಡಿದಳು.

"ಅವನ ಮುಖ ನೋಡಿದ್ರೆ ನನ್ನ ಮಾತೇ ನನಗೆ ತಪ್ಪು ಅನ್ನಿಸುತ್ತಮ್ಮ" ಅಂದರು ಅಜ್ಜ. "ಕ್ಷಮಿಸಿಬಿಡು."

"ಕ್ಷಮಿಸೋಣ ಅಜ್ಜಾ. ಮೊದಲು ಕೈಗೆ ಸಿಗಲಿ."

ಸಿಕ್ಕಿದ್ದು ಅವನಲ್ಲ, ಅವನ ಕೋಟು. ಮೈ ಮುಟ್ಟಿಸಿಕೊಂಡು ಅಳತೆ ಕೊಡಲು ಬೇಸರವಾಗಿ, ದಿನಾ ತೊಡುವ ಕೋಟನ್ನೇ ಅಳತೆಗೆ ಕಳಿಸಿದ್ದ. ದರ್ಜಿಯ ಬೆರಳು ಸುಮ್ಮನಿರುತ್ತದೆಯೇ? ಎಡ ಎದೆಯ ಅಸ್ತರಿನ ಒಳಗೆ, ಹೊರಗೆ ಕಾಣದ ಹಾಗೆ ಒಂದು ಕಳ್ಳಜೇಬು. ಜೇಬಿನಲ್ಲಿ ಕರವಸ್ತ್ರ ಸುತ್ತಿದ ಇನ್ಸುಲಿನ್ ಪೆನ್ನು. ತಂಗಿಯದರಂಥದೇ, ಅದೇ ನೀಲಿ ಮುಚ್ಚಳದ್ದು.

ಅವಳು ಅಳಲಿಲ್ಲ. ಪೆನ್ನನ್ನು ಇದ್ದಲ್ಲೇ ಇಟ್ಟು, ಕೋಟಿಗೆ ಇಸ್ತ್ರಿ ಹಾಕಿ ಮರಳಿಸಿದಳು. ಈಗಲೇ ಹೇಳಿದರೆ ಅವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿಕೊಳ್ಳುತ್ತಾನೆ. ಅವನ ಬಾಯಿ ಕಟ್ಟುವ ಜಾಗ ಒಂದೇ ಇತ್ತು.

ಆ ಸಭೆಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಹೊಸ ಪಾಲಕ ಮೊಣಕಾಲೂರಿದಾಗ ಹೊಲಿದವಳೇ ನಿಲುವಂಗಿಯನ್ನು ತಲೆಯ ಮೇಲಿಂದ ಇಳಿಸಬೇಕು. ಮುಖ ಹೊರಗೆ ಬರುವವರೆಗೆ ಅವನು ತುಟಿ ಬಿಚ್ಚುವಂತಿಲ್ಲ. ಅಷ್ಟರಲ್ಲಿ ಹಿರಿಯರು ಮೂರು ಸಲ ಕೇಳಬೇಕು, ಇವನ ಮೇಲೆ ಯಾರಿಗಾದರೂ ದೂರುಂಟೇ ಅಂತ. ದೂರು ಹೇಳುವವರಿಗೆ ಮುಖದ ದಾಕ್ಷಿಣ್ಯ ಇರಬಾರದೆಂದು ಹಿಂದಿನವರು ಮಾಡಿದ್ದು. ಆದರೆ ಈಚೆಗೆ ಮೊದಲ ಪ್ರಶ್ನೆ ಮುಗಿಯುವುದರೊಳಗೆ ಮುಖ ಹೊರಗೆ ಬಂದು ನಗುತ್ತಿತ್ತು.

ಈ ನಿಲುವಂಗಿಯಲ್ಲಿ ಹಾಗಾಗಲಿಲ್ಲ. ದಿನದ ಕೋಟಿನ ಮೇಲೆಯೇ ಬಟ್ಟೆ ಇಳಿಯಿತು, ತೋಳುಗಳು ತೂರಿದವು, ತಲೆ ಮಾತ್ರ ಒಳಗೇ ಉಳಿಯಿತು. ಕೊರಳಿನ ಜಾಗವನ್ನು ಅಕ್ಕ ಎರಡೆಳೆ ದಾರದಲ್ಲಿ ಹೊಲಿದು ಮುಚ್ಚಿದ್ದಳು. ಚೀಲಕ್ಕೆ ಸಿಕ್ಕಿದ ಬೆಕ್ಕಿನ ಹಾಗೆ ಜೇನುಬಾಯಿ ಅತ್ತ ಇತ್ತ ತಲೆ ಹಾಯಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ದೂರುಂಟೇ?" ಅಜ್ಜನ ಧ್ವನಿ ನಡುಗಿತು.

"ಉಂಟು" ಅಂದಳು ಅಕ್ಕ. "ನನ್ನ ತಂಗಿಗೆ ಬೇಡ ಅಂದ ಔಷಧಾನ ಇವನು ಎದೆಗೆ ಅವಚಿಕೊಂಡು ಓಡಾಡ್ತಾನೆ. ಕೋಟಿನ ಅಸ್ತರಿನೊಳಗೆ ಇದೆ. ನೋಡಿ."

ಬಟ್ಟೆಯೊಳಗಿಂದ ಜೇನು ಸುರಿಯಿತು. "ಸಹೋದರೀ, ನಿನ್ನ ದುಃಖ ನನಗೆ..."

"ಮುಖ ಬರೋವರೆಗೆ ಮಾತಿಲ್ಲ" ಅಂದರು ಅಜ್ಜ. ಮುಖ ಕಾಣದಿದ್ದುದಕ್ಕೋ ಏನೋ, ಈಗ ಅವರ ಧ್ವನಿ ನಡುಗಲಿಲ್ಲ. "ದೂರುಂಟೇ?"

ಜೇನುಬಾಯಿಯ ಬಲಗೈ ತನಗೇ ತಿಳಿಯದೆ ಎಡ ಎದೆಯನ್ನು ಒತ್ತಿಹಿಡಿಯಿತು. ಅದನ್ನು ಇಡೀ ಸಭೆ ಕಂಡಿತು.

ಎದ್ದು ಬಂದವನು ತಂಗಿಯ ಗಂಡ. ಆ ಬಲಗೈಯನ್ನು ಕಿತ್ತು ಸರಿಸಿ, ನಿಲುವಂಗಿಯ ಕೆಳಗೆ ಕೈ ತೂರಿಸಿ, ಕರವಸ್ತ್ರದ ಗಂಟನ್ನು ಎಳೆದು ತೆಗೆದ. ಬಿಚ್ಚಿದ. ನೀಲಿ ಮುಚ್ಚಳದ ಮೇಲೆ ಅವನ ಹೆಬ್ಬೆರಳು ನಿಂತುಬಿಟ್ಟಿತು. ಅಂಥದ್ದನ್ನು ಅವನು ಒಮ್ಮೆ ಹಿಡಿದಿದ್ದ, ಬಿಸಾಡುವಾಗ.

"ದೂರುಂಟೇ?" ಮೂರನೆಯ ಸಲ.

"ಉಂಟು" ಅಂದ ಅವನು.

ಬೆಂಚುಗಳಿಂದಲೂ ಒಂದೊಂದೇ ಉಂಟು ಎದ್ದಿತು. ತಿಂಗಳುಗಟ್ಟಲೆ ಒಳಗೆ ಕುದಿದಿದ್ದ ಅಕ್ಕನಿಗೆ ಆ ಒಂದೊಂದು ಮಾತೂ ತಣ್ಣೀರಿನ ಗುಟುಕು. ಪಾಪ ಅನ್ನಿಸಲಿಲ್ಲ, ಒಂದು ಚೂರೂ.

"ಹುಡುಗಿಯ ಔಷಧ ಎಲ್ಲಿ?" ಅಂತ ಕೇಳಿದಳು.

"ಫ್ರಿಜ್ಜಿನಲ್ಲೇ ಇದೆ ಅತ್ತಿಗೆ. ಬೆಳಗಿಂದ ಕೊಟ್ಟಿಲ್ಲ."

"ನಡಿ."

"ಕತ್ತರಿ ಕೊಟ್ಟು ಹೋಗಮ್ಮ" ಅಂದರು ಅಜ್ಜ. ಬಿಳಿ ಬಟ್ಟೆ ಇನ್ನೂ ಮಿಸುಕಾಡುತ್ತಿತ್ತು.

ಅಕ್ಕ ಸೊಂಟದ ಕತ್ತರಿಯನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡಳು. "ಹೊಲಿಯೋದು ನನ್ನ ಪಾಲಿಗೆ ಬಂತು ಅಜ್ಜಾ. ಬಿಚ್ಚೋದು ಅವನನ್ನ ಆರಿಸಿದವರು ನೋಡ್ಕೊಳ್ಳಲಿ. ದಾರ ಕಡಿಯೋಕೆ ಹಲ್ಲಿಲ್ವಾ ನಿಮಗೆಲ್ಲ?"

ಮನೆಯಲ್ಲಿ ಹುಡುಗಿ ಒಣಗಿದ ತುಟಿ ಸವರಿಕೊಳ್ಳುತ್ತ ಮಲಗಿದ್ದಳು. ಅಪ್ಪನೇ ಫ್ರಿಜ್ಜಿನ ಬಾಗಿಲು ತೆಗೆದ.